ಪಟ್ಟಣದ ದಾಖಲೆಗಳು: ಯಾರಲ್ಲಿ ಏನನ್ನು ಕೇಳಬೇಕು?

ಸರ್ಕಾರಿ ಕಚೇರಿಗಳಲ್ಲಿ ದಿನವೂ ಕೇಳಿಬರುವ 'ಕಡತ' ಎಂಬ ಮಾತು ನಮ್ಮಲ್ಲಿ ಹಳೆಯದು. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿಯನ್ನು ಬೆರೆಸಿ, ಅದನ್ನು ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಅದೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ಮಠಗಳ ಆಯವ್ಯಯ, ವರ್ತಕರ ಕೊಡುಕೊಳೆ ಎಲ್ಲವೂ ಅದರಲ್ಲಿ ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಧಾರವಾಗಿವೆ. ಅನಂತರ 'ದಫ್ತರ' ಪಾರಸಿಯಿಂದ ಬಂತು, 'ದಾಖಲೆ', 'ನಕಲು' ಎಂಬುವು ಅರಬ್ಬಿ ಮೂಲದವು, 'ರಿಜಿಸ್ಟರು' ಇಂಗ್ಲಿಷಿನದು. ಆಳುವವರು ಬದಲಾದಂತೆಲ್ಲ ಮಾತು ಬದಲಾಯಿತು. ಬರೆದಿಡುವ ಕೆಲಸ ಮಾತ್ರ ನಿಲ್ಲಲಿಲ್ಲ.

ಹೀಗೆ ಬರೆದಿಟ್ಟುದನ್ನು ಹುಡುಕಿಕೊಂಡು ಹೋಗುವ ಕಾಲ ಪ್ರತಿಯೊಂದು ಸಂಸಾರಕ್ಕೂ ಬರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ? ಮಗನಿಗೆ ಪಾಸ್‌ಪೋರ್ಟು ಬೇಕಾದಾಗ, ಮಗಳ ಮದುವೆಗೆ ಮನೆಯ ಮೇಲೆ ಸಾಲ ಎತ್ತಬೇಕಾದಾಗ, ಮನೆಯ ಯಜಮಾನರು ತೀರಿಕೊಂಡು ಖಾತೆ ಬದಲಾಯಿಸಬೇಕಾದಾಗ ನಾವು ಕಚೇರಿಯ ಮೆಟ್ಟಿಲು ಹತ್ತುತ್ತೇವೆ. ನಾಲ್ಕಾರು ಸಲ ಅಲೆದು, 'ಅಲ್ಲಿ ಏನೂ ಸಿಗುವುದಿಲ್ಲ' ಎಂದು ಬೇಸತ್ತು ಮರಳುತ್ತೇವೆ. ಸಿಬ್ಬಂದಿಯ ಕಡೆಯಿಂದ ಆಗುವ ವಿಳಂಬ ಇದ್ದೇ ಇದೆ. ಆದರೆ ನಮ್ಮ ಅಲೆದಾಟದಲ್ಲಿ ಒಂದು ದೊಡ್ಡ ಪಾಲು ಒಂದು ಕಚೇರಿಯಲ್ಲಿ ಕೇಳಬೇಕಾದುದನ್ನು ಇನ್ನೊಂದರಲ್ಲಿ ಕೇಳುವುದರಿಂದ ಬಂದುದು. ಚಿಕ್ಕಮಗಳೂರು, ಚಿತ್ರದುರ್ಗ, ಮಂಡ್ಯದಂಥ ನಗರಸಭೆಯ ಊರುಗಳಲ್ಲಿ ಯಾವ ದಾಖಲೆ ಎಲ್ಲಿರುತ್ತದೆ, ಅದು ಯಾವುದಕ್ಕೆ ಆಧಾರವಾದೀತು, ಯಾವುದಕ್ಕೆ ಆಗದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಪ್ರತಿಯೊಂದು ರಿಜಿಸ್ಟರೂ ಒಬ್ಬ ಸಾಕ್ಷಿಯಿದ್ದಂತೆ. ತನ್ನ ಕಣ್ಣೆದುರು ನಡೆದುದನ್ನು ಮಾತ್ರ ಅದು ಹೇಳಬಲ್ಲುದು. ಜನನದ ಪುಸ್ತಕಕ್ಕೆ ಮಗುವಿನ ಆಸ್ತಿ ತಿಳಿಯದು. ಕಂದಾಯದ ಪುಸ್ತಕಕ್ಕೆ ಮನೆಯ ನಿಜವಾದ ಒಡೆಯ ಯಾರೆಂದು ಗೊತ್ತಿರಲೇಬೇಕೆಂದಿಲ್ಲ. ಪ್ರಕಟವಾದ ಮತದಾರರ ಪಟ್ಟಿ ನಮ್ಮ ಜನ್ಮದಿನವನ್ನು ಹೇಳದು. ಆದುದರಿಂದ ಮನೆಯಿಂದ ಹೊರಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ನಡೆದದ್ದು ಏನು? ಎಲ್ಲಿ ನಡೆಯಿತು? ಯಾವಾಗ ನಡೆಯಿತು? ಇವುಗಳಿಗೆ ಉತ್ತರ ಸಿಕ್ಕರೆ ಹೋಗಬೇಕಾದ ಕಚೇರಿ ತಾನಾಗಿಯೇ ತಿಳಿಯುತ್ತದೆ.

ಜನನ ಮರಣಗಳಿಂದ ಆರಂಭಿಸೋಣ. ಇವುಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಆದದ್ದು 1969ರಲ್ಲಿ. ನಮ್ಮ ರಾಜ್ಯದಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಗರದೊಳಗಿನ ಪುಸ್ತಕ ನಗರಸಭೆಯ ಆರೋಗ್ಯ ಶಾಖೆಯಲ್ಲಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಾದ ಹೆರಿಗೆಗೆ ಅಲ್ಲಿಯೇ ನೋಂದಣಿಯ ವ್ಯವಸ್ಥೆಯೂ ಉಂಟು. ಇಲ್ಲಿ ಬಹುಮಂದಿ ಎಡವುವ ಒಂದು ಸ್ಥಳವಿದೆ. ಜನನ ದಾಖಲಾಗುವುದು ಮಗು ಹುಟ್ಟಿದ ಊರಿನಲ್ಲಿ, ತಂದೆತಾಯಿ ವಾಸವಾಗಿರುವ ಊರಿನಲ್ಲಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿ. ಹೀಗಾಗಿ ಮೊದಲ ಮಗುವಿನ ದಾಖಲೆ ಅಜ್ಜಿಯ ಊರಿನಲ್ಲಿದ್ದರೆ, ಎರಡನೆಯ ಮಗುವಿನದು ತಂದೆಯ ಊರಿನಲ್ಲಿರುತ್ತದೆ. ಇಬ್ಬರಿಗೂ ಒಂದೇ ಕಡೆ ಅರ್ಜಿ ಹಾಕಿ, ಒಬ್ಬರದು ಸಿಕ್ಕಿ ಇನ್ನೊಬ್ಬರದು ಸಿಗಲಿಲ್ಲವೆಂದು ವರುಷಗಟ್ಟಲೆ ಕೊರಗುವ ಮನೆಗಳಿವೆ.

ಜನನವನ್ನಾಗಲಿ ಮರಣವನ್ನಾಗಲಿ 21 ದಿನಗಳೊಳಗೆ ತಿಳಿಸಬೇಕು. 21ರಿಂದ 30 ದಿನದವರೆಗೆ ತಡವಾದರೆ ವಿಳಂಬ ಶುಲ್ಕ ಸಾಕು. 30 ದಿನ ಕಳೆದು ಒಂದು ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಮೊದಲು ನ್ಯಾಯಾಲಯದ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತಿತ್ತು; 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಅಥವಾ ಅವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಆ ತಿದ್ದುಪಡಿ ಜಾರಿಯಾದ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ವಾಹನ ಚಾಲನೆಯ ಪರವಾನಗಿಗೆ, ಮತದಾರರ ಪಟ್ಟಿಗೆ, ಸರ್ಕಾರಿ ನೌಕರಿಗೆ, ಹುಟ್ಟಿದ ದಿನ ಮತ್ತು ಸ್ಥಳಗಳ ರುಜುವಾತು ಜನನ ಪ್ರಮಾಣಪತ್ರವೇ. ಹಸುಗೂಸಿರುವ ಮನೆಯವರು ಇದನ್ನು ಅಲಕ್ಷಿಸಬಾರದು. ಹೆಸರಿಡುವುದಕ್ಕೆ ಮುನ್ನವೇ ನೋಂದಣಿ ಮಾಡಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷಗಳವರೆಗೆ ವಿಳಂಬ ಶುಲ್ಕ ಕೊಟ್ಟು ಸೇರಿಸಬಹುದು.

ಈ ಪುಸ್ತಕದ ಇನ್ನೆರಡು ಗುಣಗಳು ತಿಳಿದಿರಲಿ. ಶುಲ್ಕ ಕೊಟ್ಟು ಯಾರು ಬೇಕಾದರೂ ಇದರಲ್ಲಿ ಹುಡುಕಿಸಬಹುದು. ಆದರೆ ಮರಣದ ಪ್ರಮಾಣಪತ್ರದಲ್ಲಿ ಮರಣದ ಕಾರಣವನ್ನು ತಿಳಿಸಕೂಡದೆಂದು ಕಾಯಿದೆಯೇ ಕಟ್ಟುಮಾಡಿದೆ. ಸತ್ತವರ ಮಾನವೂ ಕಾಯಿದೆಗೆ ನೆನಪಿದೆ ಎನ್ನಬೇಕು. ಎರಡನೆಯದಾಗಿ, ತಪ್ಪು ದಾಖಲಾಗಿದ್ದರೆ ಮೊದಲ ಬರಹವನ್ನು ಅಳಿಸದೆ, ಪಕ್ಕದ ಅಂಚಿನಲ್ಲಿ ತಿದ್ದುಪಡಿಯನ್ನು ಬರೆದು ರುಜು ಹಾಕಿ ದಿನಾಂಕ ನಮೂದಿಸುತ್ತಾರೆ. ಹಳೆಯ ಕಡತವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಈ ಪುಸ್ತಕವನ್ನು ಒರೆಸುವ ಹಾಗಿಲ್ಲ. 'ಸ್ವಲ್ಪ ತಿದ್ದಿಕೊಡಿಸುತ್ತೇನೆ' ಎಂದು ಹಣ ಕೇಳುವ ಮಧ್ಯವರ್ತಿಯನ್ನು ನಂಬದಿರುವುದಕ್ಕೆ ಇಷ್ಟು ತಿಳಿದಿದ್ದರೆ ಸಾಕು.

1970ಕ್ಕೆ ಹಿಂದೆ ಹುಟ್ಟಿದ ಹಿರಿಯರ ಗತಿಯೇನು? ಅಲ್ಲಿ ಬಹುಮಟ್ಟಿಗೆ ನೆರವಾಗುವುದು ಶಾಲೆಯ ದಾಖಲಾತಿ ಪುಸ್ತಕ. ಉಪಾಧ್ಯಾಯನಾದ ನಾನು ಇದರ ಬಗೆಗೆ ಎರಡು ಮಾತು ಹೇಳಬಲ್ಲೆ. ಆ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಜನ್ಮದಿನ, ಊರು, ಸೇರಿದ ಮತ್ತು ಬಿಟ್ಟ ತೇದಿ ಇರುತ್ತವೆ. ವರ್ಗಾವಣೆ ಪತ್ರವೂ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೂ ಈ ಬರಹದಿಂದಲೇ ಹುಟ್ಟಿಕೊಂಡವು. ಅಸಲು ಪತ್ರ ಕಳೆದುಹೋದವರು ಓದಿದ ಶಾಲೆಗೆ ಹೋಗಿ, ಸೇರಿದ ಇಸವಿಯನ್ನು ಹೇಳಿದರೆ ಮುಖ್ಯೋಪಾಧ್ಯಾಯರು ಪುಸ್ತಕವನ್ನು ತೆಗೆಸಿ ನೋಡಬಲ್ಲರು. ಶಾಲೆ ಮುಚ್ಚಿಹೋಗಿದ್ದರೆ ಕ್ಷೇತ್ರಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಆದರೆ ಅಲ್ಲಿನ ಜನ್ಮದಿನ ಹೇಗೆ ಬಂತೆಂಬುದನ್ನೂ ಬಲ್ಲವರು ಬಲ್ಲರು. ಶಾಲೆ ತೆರೆಯುತ್ತಿದ್ದುದು ಜೂನ್ ತಿಂಗಳಲ್ಲಿ. ಹುಟ್ಟಿದ ದಿನ ಗೊತ್ತಿಲ್ಲದ ಮಗುವಿಗೆ ವಯಸ್ಸನ್ನು ಅಂದಾಜು ಮಾಡಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಆದ್ದರಿಂದಲೇ ನಮ್ಮ ನಾಡಿನ ಹಿರಿಯರಲ್ಲಿ ಅಷ್ಟೊಂದು ಮಂದಿ ಒಂದೇ ದಿನ ಹುಟ್ಟಿದವರು! ಜಾತಕ ಬೇರೆ ಹೇಳಿದರೂ ಉದ್ಯೋಗಕ್ಕೆ, ನಿವೃತ್ತಿಗೆ, ಪಿಂಚಣಿಗೆ ನಡೆದುಬಂದದ್ದು ಆ ಜೂನ್ 1ರ ಲೆಕ್ಕವೇ.

ಇನ್ನು ಮನೆ ಮತ್ತು ನಿವೇಶನ. ನಮ್ಮ ಜನ ಅತಿ ಹೆಚ್ಚು ಕಳವಳಪಡುವುದೂ ಅತಿ ಹೆಚ್ಚು ಮೋಸಹೋಗುವುದೂ ಇಲ್ಲಿಯೇ. ಮನೆಗೆ ಸಂಬಂಧಿಸಿದ ದಾಖಲೆ ಒಂದೇ ಕಡೆ ಇರುವುದಿಲ್ಲ. ಕನಿಷ್ಠ ಮೂರು ಕಚೇರಿಗಳಲ್ಲಿ ಹಂಚಿಹೋಗಿರುತ್ತದೆ.

ಒಂದನೆಯದು ಉಪನೋಂದಣಾಧಿಕಾರಿಗಳ ಕಚೇರಿ, ಜನರ ಬಾಯಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸು. 1908ರ ನೋಂದಣಿ ಕಾಯಿದೆಯಂತೆ ಕ್ರಯ, ದಾನ, ವಿಭಾಗ, ಅಡಮಾನ ಮುಂತಾದ ಸ್ಥಿರಾಸ್ತಿ ಪತ್ರಗಳು ಇಲ್ಲಿ 'ಒಂದನೆಯ ಪುಸ್ತಕ'ದಲ್ಲಿ ನಕಲಾಗುತ್ತವೆ. ಈ ಪುಸ್ತಕಕ್ಕೆ ಎರಡು ಸೂಚಿಗಳುಂಟು: ಒಂದು ಜನರ ಹೆಸರಿನದು, ಇನ್ನೊಂದು ಆಸ್ತಿಯದು. ಇವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಕೊಳ್ಳಲು ಬಂದವನಿಗೆ ಮಾರುವವನ ಅಪ್ಪಣೆ ಬೇಕಿಲ್ಲ. ಮೂರನೆಯ ಪುಸ್ತಕ ಉಯಿಲುಗಳದು. ಅದರ ನಿಯಮ ಬೇರೆ. ಬರೆದವರು ಬದುಕಿರುವಷ್ಟು ದಿನ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ನಕಲು ದೊರೆಯುತ್ತದೆ. ಅವರು ತೀರಿಕೊಂಡ ಮೇಲೆ ಕೇಳಿದ ಯಾರಿಗೂ ದೊರೆಯುತ್ತದೆ. ಬದುಕಿರುವ ಮುದುಕರ ಮನಸ್ಸನ್ನು ಮಕ್ಕಳು ಕಚೇರಿಯಲ್ಲಿ ಇಣುಕಿ ನೋಡಬಾರದೆಂಬ ವಿವೇಕ ಇದರಲ್ಲಿದೆ. ಉಯಿಲನ್ನು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲವಾದ್ದರಿಂದ, ಇಲ್ಲಿ ಸಿಗದ ಮಾತ್ರಕ್ಕೆ ಉಯಿಲೇ ಇಲ್ಲವೆಂದು ತಿಳಿಯಕೂಡದು.

ಇದೇ ಕಚೇರಿಯಿಂದ ಬರುವುದು ಋಣಭಾರ ಪ್ರಮಾಣಪತ್ರ, ಎಲ್ಲರೂ ಇ.ಸಿ. ಎನ್ನುವ ಕಾಗದ. ನಾವು ಕೇಳಿದ ಅವಧಿಯಲ್ಲಿ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ಅದು ಪಟ್ಟಿಮಾಡುತ್ತದೆ. ಸುಮಾರು 2004ರಿಂದ ಈಚಿನದು ಗಣಕಯಂತ್ರದಲ್ಲಿದ್ದು, 'ಕಾವೇರಿ' ಎಂಬ ಜಾಲತಾಣದ ಮೂಲಕ ಮನೆಯಲ್ಲಿ ಕುಳಿತೇ ಕೇಳಿ ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲಿ ಹಳೆಯ ಪುಸ್ತಕಗಳನ್ನು ತೆರೆಸಬೇಕು. ಇ.ಸಿ. ಕೈಗೆ ಬಂದೊಡನೆ ನಿಶ್ಚಿಂತರಾಗಬಾರದು. ಅದು ನೋಂದಣಿಯಾದುದನ್ನು ಮಾತ್ರ ಬಲ್ಲುದು. ಬಿಳಿಯ ಕಾಗದದಲ್ಲಿ ಮಾಡಿಕೊಂಡ ಕರಾರು, ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಇವು ಅದರಲ್ಲಿ ಕಾಣದೆ ಹೋಗಬಹುದು. ದಾವೆಯ ಸಂಗತಿಯನ್ನು ಜಿಲ್ಲಾ ನ್ಯಾಯಾಲಯಗಳ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕುವ ಸೌಕರ್ಯ ಈಗ ಇದೆ.

ಎರಡನೆಯದು ನಗರಸಭೆಯ ಕಂದಾಯ ಶಾಖೆ. ಅಲ್ಲಿರುವುದು ಖಾತೆ. ಕಂದಾಯವನ್ನು ಯಾರಿಂದ ವಸೂಲು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಪುಸ್ತಕವದು. ಸ್ವತ್ತಿನ ಗುರುತಿನ ಸಂಖ್ಯೆ, ಅಳತೆ, ಚಕ್ಕುಬಂದಿ, ಕಂದಾಯ ಕಟ್ಟುವವರ ಹೆಸರು ಅದರಲ್ಲಿವೆ. ಖಾತೆ ಬಹಳ ಉಪಯುಕ್ತವಾದ ದಾಖಲೆ. ಅದಿಲ್ಲದೆ ಕಟ್ಟಡದ ಪರವಾನಗಿಯಿಲ್ಲ, ಬ್ಯಾಂಕಿನ ಸಾಲವಿಲ್ಲ. ಆದರೂ ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧಿಸುವುದಿಲ್ಲ. ಸರ್ವೋಚ್ಚ ನ್ಯಾಯಾಲಯ ಇದನ್ನು ಹಲವು ಸಲ ಸ್ಪಷ್ಟಪಡಿಸಿದೆ. ಒಡೆತನ ಬರುವುದು ಕ್ರಯಪತ್ರದಿಂದ, ದಾನಪತ್ರದಿಂದ, ಉಯಿಲಿನಿಂದ, ವಾರಸಿನಿಂದ.

ಮೂರನೆಯದು ತಾಲ್ಲೂಕು ಕಚೇರಿ. ಪೇಟೆಯೊಳಗಿನ ಮನೆಗೆ ಇದೇಕೆ ಎಂದೀರಿ. ನಮ್ಮ ಪಟ್ಟಣಗಳು ಕಳೆದ ನಾಲ್ಕೈದು ದಶಕಗಳಲ್ಲಿ ಹೊಲಗದ್ದೆಗಳ ಮೇಲೆ ಹಬ್ಬಿದವು. ಇಂದು ಹೊಸ ಬಡಾವಣೆಯ ನಿವೇಶನವಾಗಿರುವುದು ಹಿಂದೆ ಒಂದು ಸರ್ವೆ ನಂಬರಿನ ಜಮೀನಾಗಿತ್ತು. ನಡುವೆ ಗ್ರಾಮ ಪಂಚಾಯಿತಿಯ ಖಾತೆಯಲ್ಲಿತ್ತು. ಆಮೇಲೆ ನಗರದ ಎಲ್ಲೆಯೊಳಗೆ ಬಂತು. ಹೀಗೆ ಒಂದೇ ನೆಲಕ್ಕೆ ಮೂರು ಜನ್ಮ. ಮೊದಲನೆಯ ಜನ್ಮದ ವೃತ್ತಾಂತ ಪಹಣಿಯಲ್ಲಿದೆ. ಭೂಪರಿವರ್ತನೆಯ ಆದೇಶ ಆಗಿತ್ತೇ, ಆ ಜಮೀನು ಸರ್ಕಾರದ್ದೋ ಕೆರೆಯಂಗಳದ್ದೋ ಆಗಿತ್ತೇ ಎಂಬುದು ಅಲ್ಲಿ ತಿಳಿಯುತ್ತದೆ. 2000ದ ಸುಮಾರಿಗೆ 'ಭೂಮಿ' ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಬಂದವು. ಅದಕ್ಕೂ ಹಳೆಯ ಕೈಬರಹದ ಪಹಣಿಗಳು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ, ಅಂದರೆ ರೆಕಾರ್ಡ್ ರೂಮಿನಲ್ಲಿರುತ್ತವೆ. 1964ರ ಭೂಕಂದಾಯ ಕಾಯಿದೆಯ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಗಣನೆ. ನಿವೇಶನ ಕೊಳ್ಳುವವರು ಈಗಿನ ಖಾತೆಯ ಅಂದಚೆಂದವನ್ನು ನೋಡಿ ಮರುಳಾಗದೆ, ನೆಲದ ಮೂರು ಜನ್ಮಗಳನ್ನೂ ವಿಚಾರಿಸಬೇಕು. ಬೆಳಗಾವಿ, ಧಾರವಾಡದಂಥ ಹಳೆಯ ಮುಂಬಯಿ ಪ್ರಾಂತದ ಊರುಗಳಲ್ಲಿ ಇವಲ್ಲದೆ ಸಿಟಿ ಸರ್ವೆ ಕಚೇರಿಯ ಸಿ.ಟಿ.ಎಸ್. ಉತಾರವೂ ಮುಖ್ಯ.

ಈ ಎಲ್ಲ ಪುಸ್ತಕಗಳೂ ಒಟ್ಟಿಗೆ ಬೇಕಾಗುವ ಒಂದು ಸಂದರ್ಭವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಪೇಟೆಯಲ್ಲಿ ಒಂದು ಹಳೆಯ ಮನೆ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು ನಲವತ್ತು ವರ್ಷ. ತಂದೆಯೂ ಈಗ ಇಲ್ಲ. ತಾಯಿ, ಇಬ್ಬರು ಗಂಡುಮಕ್ಕಳು, ಬೇರೆ ಊರಿಗೆ ಮದುವೆಯಾಗಿ ಹೋದ ಒಬ್ಬ ಮಗಳು ಇದ್ದಾರೆ. ಪೌತಿ ಖಾತೆ ಆಗಬೇಕು. ಅದಕ್ಕೆ ಅಜ್ಜನ ಮರಣಪತ್ರ, ತಂದೆಯ ಮರಣಪತ್ರ, ವಂಶವೃಕ್ಷ, ಹಳೆಯ ಕ್ರಯಪತ್ರ, ಕಂದಾಯದ ರಸೀತಿ ಬೇಕು. ತಂದೆಯ ಮರಣಪತ್ರ ಕೈಯಲ್ಲಿದೆ. ಅಜ್ಜನ ಮರಣವನ್ನು ಯಾರೂ ಬರೆಸಿಯೇ ಇಲ್ಲ. ನಲವತ್ತು ವರ್ಷದ ಹಿಂದೆ ಅರ್ಧ ಘಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ದಾಖಲೆ ಇಲ್ಲವೆಂಬ ಪತ್ರ, ಪ್ರಮಾಣಪತ್ರಗಳು, ಮ್ಯಾಜಿಸ್ಟ್ರೇಟರ ಆದೇಶ ಎಂದು ತಿಂಗಳುಗಳೇ ಹಿಡಿಯುತ್ತವೆ.

ಇದು ತಡದ ಮಾತಾಯಿತು. ವಂಶವೃಕ್ಷದಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ನಾಡಕಚೇರಿಯಲ್ಲಿ ಕೊಡುವ ಅರ್ಜಿಯಲ್ಲಿ ಮಕ್ಕಳ ಹೆಸರುಗಳನ್ನು ಬರೆಯುವಾಗ ಗಂಡುಮಕ್ಕಳನ್ನು ಮಾತ್ರ ಬರೆದು, 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಹಳೆಯ ಗಾದೆಯನ್ನು ನೆನಪಿಸಿಕೊಂಡು ಮಗಳನ್ನು ಕೈಬಿಡುವುದುಂಟು. ಕೆಲವೊಮ್ಮೆ ದುರುದ್ದೇಶದಿಂದ, ಹಲವೊಮ್ಮೆ 'ಅವಳಿಗೇಕೆ ತೊಂದರೆ' ಎಂಬ ಉದಾಸೀನದಿಂದ. ಕಾಯಿದೆಯ ಸ್ಥಿತಿ ಹೀಗಿದೆ: ಹಿಂದೂ ಮನೆತನಗಳಲ್ಲಿ ತಂದೆ ಸ್ವಂತ ಗಳಿಸಿದ ಆಸ್ತಿಯನ್ನು ಉಯಿಲಿಲ್ಲದೆ ಬಿಟ್ಟುಹೋದರೆ, 1956ರಿಂದಲೇ ಮಗಳಿಗೆ ಮಗನಷ್ಟೇ ಪಾಲು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ನಮ್ಮ ರಾಜ್ಯ 1994ರಲ್ಲಿ ಹೆಣ್ಣುಮಕ್ಕಳಿಗೆ ಹಕ್ಕನ್ನು ಕೊಟ್ಟಿತು. ಆದರೆ ಅದಕ್ಕೆ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಾನ ಹಕ್ಕನ್ನು ನೀಡಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಇದಕ್ಕೂ ದಾಖಲೆಗಳಿಗೂ ಏನು ಸಂಬಂಧ? 2004ರ ಡಿಸೆಂಬರ್ 20ಕ್ಕೆ ಮುನ್ನ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ತೀರ್ಪಿನಿಂದ ಆಗಿಹೋದ ವಿಭಾಗವನ್ನು ಈ ತಿದ್ದುಪಡಿ ಅಲುಗಿಸುವುದಿಲ್ಲ. 'ನಾವು ಎಂದೋ ಬಾಯಿಮಾತಿನಲ್ಲಿ ಪಾಲಾಗಿದ್ದೇವೆ' ಎಂಬ ವಾದ ಮಾತ್ರ, ಸಾರ್ವಜನಿಕ ದಾಖಲೆಗಳ ಬೆಂಬಲವಿಲ್ಲದೆ ನಿಲ್ಲುವುದು ಕಷ್ಟ. ಆದುದರಿಂದ ಒಂದು ವಿಭಾಗಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿದೆಯೇ ಇಲ್ಲವೇ ಎಂಬುದರ ಮೇಲೆ ಒಬ್ಬ ಹೆಣ್ಣುಮಗಳ ಪಾಲು ನಿಂತಿರಬಹುದು. ಮದುವೆಯಾಗಿ ದೂರ ಹೋದ ಸೋದರಿಯರು ಈ ಪುಸ್ತಕವನ್ನು ತಾವೇ ನೋಡಬಹುದು. ಅದು ತೆರೆದ ಪುಸ್ತಕ. ವಂಶವೃಕ್ಷದಿಂದ ತಮ್ಮ ಹೆಸರು ಬಿಟ್ಟುಹೋಗಿದ್ದರೆ ಲಿಖಿತ ಆಕ್ಷೇಪಣೆಯನ್ನು ಕಾಲದಲ್ಲಿ ಸಲ್ಲಿಸಬಹುದು. ಪಾಲು ತೆಗೆದುಕೊಳ್ಳುವುದೋ, ಅಣ್ಣತಮ್ಮಂದಿರಿಗೆ ಪ್ರೀತಿಯಿಂದ ಬಿಟ್ಟುಕೊಡುವುದೋ ಆಮೇಲಿನ ಮಾತು. ಬಿಟ್ಟುಕೊಡುವುದಕ್ಕಾದರೂ ಮೊದಲು ಹೆಸರು ಇರಬೇಕಲ್ಲವೆ?

ಹುಡುಕುವಾಗ ಎದುರಾಗುವ ಇನ್ನೊಂದು ತೊಡಕು ಅಕ್ಷರದ್ದು. ಕನ್ನಡದ ಮೇಷ್ಟರ ಪಾಲಿಗೆ ಇದು ಪರಿಚಿತ ಕಷ್ಟ. ಗಂಗಮ್ಮ ಒಂದು ಕಡೆ ಗಂಗವ್ವ ಆಗಿರುತ್ತಾರೆ. ಕೃಷ್ಣ ಇನ್ನೊಂದು ಕಡೆ ಕ್ರಿಷ್ಣ. ಶಕಾರ ಷಕಾರ ಸಕಾರಗಳು ಅದಲುಬದಲಾಗುತ್ತವೆ, ಲಕಾರ ಳಕಾರವಾಗುತ್ತದೆ. ಇಂಗ್ಲಿಷಿನಲ್ಲಿಯಂತೂ 'ಲಕ್ಷ್ಮಿ'ಯನ್ನು ಕೆ, ಎಸ್, ಎಚ್ ಹಾಕಿ ಬರೆಯುವವರೂ ಎಕ್ಸ್ ಹಾಕಿ ಬರೆಯುವವರೂ ಇದ್ದಾರೆ. ತಂದೆಯ ಹೆಸರು ಮಗನಿಗೆ ಹಿಂದೆ ಇನಿಷಿಯಲ್ ಆಗಿ, ಒಂದೆಡೆ ಮುಂದೆ, ಒಂದೆಡೆ ಹಿಂದೆ ಕುಳಿತಿರುತ್ತದೆ. ಗಣಕಯಂತ್ರ ನಾವು ಕೊಟ್ಟ ಅಕ್ಷರವನ್ನೇ ಹುಡುಕುತ್ತದೆ, ಅರ್ಥವನ್ನು ಹುಡುಕದು. 'ಇಲ್ಲ' ಎಂದು ಅದು ಹೇಳಿದರೆ ಒಡನೆ ಒಪ್ಪಬಾರದು. ನಾಲ್ಕಾರು ರೂಪಗಳಲ್ಲಿ ಬರೆದು ನೋಡಬೇಕು. ಹೆಸರಿನಿಂದ ಸಿಗದಿದ್ದರೆ ಇಸವಿಯಿಂದ, ತಂದೆಯ ಹೆಸರಿನಿಂದ, ಸ್ವತ್ತಿನ ಸಂಖ್ಯೆಯಿಂದ ಹುಡುಕಿಸಬೇಕು.

ಎಲ್ಲೆಕಟ್ಟುಗಳೂ ಬದಲಾಗಿವೆ. ಕೊಪ್ಪಳದವರೊಬ್ಬರ ಹಳೆಯ ಜಮೀನಿನ ಚರಿತ್ರೆಯನ್ನು ತೆಗೆದುಕೊಳ್ಳಿ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುನ್ನ ಅದು ರಾಯಚೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ಕ್ಕೆ ಮುನ್ನ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಕಾಲದ ಕಂದಾಯದ ದಾಖಲೆಗಳಲ್ಲಿ ಉರ್ದು ಭಾಷೆ, ಫಸಲಿ ವರ್ಷ. ಮುಂಬಯಿ ಪ್ರಾಂತದಲ್ಲಿದ್ದ ಕಡೆಗಳಲ್ಲಿ ಮರಾಠಿಯ ಮೋಡಿ ಲಿಪಿ. ಅಂಥ ಕಾಗದವನ್ನು 'ಓದಲಾಗದು' ಎಂದು ಎಸೆಯದೆ, ಆ ಲಿಪಿಯನ್ನು ಬಲ್ಲವರಿಂದ ಓದಿಸಬೇಕು. ಇನ್ನೂ ಹಳೆಯ ಸರ್ಕಾರಿ ಪತ್ರವ್ಯವಹಾರವನ್ನು ಅರಸುವವರಿಗೆ ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆಯಿದೆ.

ಕಾಗದದ ಮಾತು ಇಷ್ಟಾಯಿತು. ಒಬ್ಬ ವ್ಯಕ್ತಿಯನ್ನೇ ಹುಡುಕಬೇಕಾದರೆ? ಬಹುಕಾಲದಿಂದ ಸಂಪರ್ಕ ತಪ್ಪಿದ ಬಂಧುವೋ, ಸಾಲ ತೀರಿಸಬೇಕಾದ ಹಳೆಯ ಸ್ನೇಹಿತನೋ ಒಂದು ಪಟ್ಟಣದಲ್ಲಿದ್ದಾರೆಂದು ಕೇಳಿದ್ದೇವೆ. ಮನೆಮನೆಗೆ ಬರುತ್ತಿದ್ದ ದೂರವಾಣಿಯ ದಪ್ಪ ಪುಸ್ತಕ ಈಗಿಲ್ಲ. ಉಳಿದಿರುವ ತೆರೆದ ಪಟ್ಟಿ ಮತದಾರರದು. ಮತಗಟ್ಟೆಗೊಂದು ಭಾಗವಾಗಿ, ಮನೆ ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸುಗಳೊಂದಿಗೆ ಅದು ಪ್ರಕಟವಾಗುತ್ತದೆ. ಕರಡು ಪಟ್ಟಿ ಪ್ರಕಟವಾದಾಗ ಯಾರು ಬೇಕಾದರೂ ನೋಡಬಹುದು. ಹಳೆಯ ಪಟ್ಟಿಗಳನ್ನು ನೋಡುವಾಗ ಒಂದು ವಿಷಯ ನೆನಪಿರಲಿ: 1989ರವರೆಗೆ ಮತದಾನದ ವಯಸ್ಸು 21. ಹೀಗಾಗಿ 1984ರ ಪಟ್ಟಿಯಲ್ಲಿ ಇಪ್ಪತ್ತರ ಯುವಕನ ಹೆಸರಿಲ್ಲದಿದ್ದರೆ ಆತ ಆ ಮನೆಯಲ್ಲಿರಲಿಲ್ಲವೆಂದು ಅರ್ಥವಲ್ಲ. ಪಟ್ಟಿಯ ಆಚೆಗೆ, ಸಣ್ಣ ಊರುಗಳಲ್ಲಿ ಅಂಚೆಯವರು, ನ್ಯಾಯಬೆಲೆ ಅಂಗಡಿಯವರು, ದೇವಸ್ಥಾನದ ಅರ್ಚಕರು ಬಲ್ಲ ವಿಳಾಸಗಳು ಯಾವ ಗಣಕಯಂತ್ರದಲ್ಲೂ ಇಲ್ಲ. ಅವರ ಬಳಿ ವಿಚಾರಿಸುವಾಗ ನಾವು ಯಾರು, ಏಕೆ ಬಂದೆವು ಎಂಬುದನ್ನು ಹೇಳುವುದು ಮರ್ಯಾದೆ. ವಿಳಾಸವನ್ನು ಕೇಳುವ ಬದಲು ನಮ್ಮ ಪತ್ರವನ್ನು ತಲುಪಿಸಿರೆಂದು ಕೇಳಿಕೊಂಡರೆ ಇನ್ನೂ ಮೇಲು. ಉತ್ತರಿಸುವುದು ಬಿಡುವುದು ಆ ವ್ಯಕ್ತಿಗೆ ಸೇರಿದ್ದು.

ಏಕೆಂದರೆ ಎಲ್ಲ ದಾಖಲೆಯೂ ಎಲ್ಲರಿಗೂ ತೆರೆದಿಲ್ಲ, ತೆರೆದಿರಲೂ ಬಾರದು. ಜನಗಣತಿಯ ಹೊತ್ತಿನಲ್ಲಿ ನಮ್ಮ ಮನೆಯ ಬಗೆಗೆ ನಾವು ಕೊಡುವ ವಿವರವನ್ನು 1948ರ ಕಾಯಿದೆ ಗುಟ್ಟಾಗಿರಿಸಿದೆ. ಊರಿನ, ವಾರ್ಡಿನ ಮೊತ್ತಗಳು ಪ್ರಕಟವಾಗುತ್ತವೆ. ಒಂದು ಮನೆಯ ಹಾಳೆಯನ್ನು ಯಾರೂ ನೋಡುವಂತಿಲ್ಲ. ಆಧಾರ್ ವಿವರವೂ ಹಾಗೆಯೇ. ಜೊತೆಗೆ ಅದು ಪೌರತ್ವಕ್ಕೆ ಪುರಾವೆಯಲ್ಲವೆಂದು 2016ರ ಆಧಾರ್ ಕಾಯಿದೆಯೇ ಹೇಳುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ನೆರೆಮನೆಯವರ ಸಂಬಳ, ರೋಗ, ಜಗಳಗಳನ್ನು ತಿಳಿಯುವುದಕ್ಕೆ ಮಾಹಿತಿಯ ಹಕ್ಕನ್ನು ಬಳಸಹೊರಟರೆ ಆ ಬಾಗಿಲು ತೆರೆಯುವುದಿಲ್ಲ.

ಕೊನೆಗೆ ಕೇಳುವ ಕ್ರಮ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತ��ನ ಉತ್ತರವೇ ಬರುತ್ತದೆ. ಆದುದರಿಂದ ಚಿಕ್ಕ ಅರ್ಜಿಯನ್ನು ಬರೆದು, ಬೇಕಾದ ದಾಖಲೆಯ ಹೆಸರು, ಇಸವಿ, ಸ್ಥಳ, ಸಂಖ್ಯೆಗಳನ್ನು ಕಾಣಿಸಿ, ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಸಾರ್ವಜನಿಕರು ನೋಡಬಹುದಾದ ದಾಖಲೆಗೆ ಶುಲ್ಕ ಕೊಟ್ಟವರಿಗೆ ದೃಢೀಕೃತ ನಕಲು ಕೊಡುವುದು ಅಧಿಕಾರಿಯ ಕರ್ತವ್ಯ. ಸಾಕ್ಷ್ಯದ ಕಾನೂನೇ ಹಾಗೆಂದು ವಿಧಿಸಿದೆ. ನಕಲಿನ ಕೆಳಗೆ ದೃಢೀಕರಣದ ಬರಹ, ತೇದಿ, ಸಹಿ, ಮೊಹರು ಇವೆಯೇ ನೋಡಿಕೊಳ್ಳಿ. ದಾಖಲೆ ಸಿಗದಿದ್ದರೆ 'ಸಿಗಲಿಲ್ಲ' ಎಂದು ಲಿಖಿತ ಹಿಂಬರಹ ಕೇಳಿ. ಆ ಹಿಂಬರಹವೂ ಮುಂದಿನ ಕಚೇರಿಯಲ್ಲಿ ಬೆಲೆಯುಳ್ಳ ಕಾಗದ.

ಸಕಾಲ ಕಾಯಿದೆಗೆ ಒಳಪಟ್ಟ ಸೇವೆಯಾದರೆ ಹದಿನೈದು ಅಂಕಿಗಳ ಒಂದು ಸಂಖ್ಯೆ ಕೊಡುತ್ತಾರೆ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯ ಮಿತಿಯೊಳಗೆ, ಪರಿಹಾರ ಕೇಳಬಹುದು. ಮೊತ್ತ ಸಣ್ಣದು, ಆದರೆ ವಿಳಂಬಕ್ಕೆ ಲೆಕ್ಕ ಕೊಡಬೇಕಾಗುತ್ತದೆ ಎಂಬ ಅರಿವು ಸಣ್ಣದಲ್ಲ. 2005ರ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಕಾರಣ ಹೇಳಬೇಕಾಗಿಲ್ಲ, 30 ದಿನಗಳಲ್ಲಿ ಉತ್ತರ ಬರಬೇಕು. ತಪ್ಪಿ ಬೇರೆ ಕಚೇರಿಗೆ ಕೊಟ್ಟಿದ್ದರೆ ಅವರೇ 5 ದಿನಗಳೊಳಗೆ ಸರಿಯಾದ ಕಡೆಗೆ ಕಳುಹಿಸಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು. ಪ್ರಬಂಧ ಬರೆಯುವ ಚಪಲವುಳ್ಳವರಿಗೆ ಇದು ಒಳ್ಳೆಯ ಅಭ್ಯಾಸ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು. ಅಜ್ಜಿ ತಾತಂದಿರು ಇರುವ ಮನೆಯವರು ಒಂದು ಭಾನುವಾರ ಅವರ ಬಳಿ ಕುಳಿತು, ಯಾರು ಎಲ್ಲಿ ಹುಟ್ಟಿದರು, ಯಾವ ಶಾಲೆಯಲ್ಲಿ ಓದಿದರು, ಮನೆಯನ್ನು ಯಾವ ಇಸವಿಯಲ್ಲಿ ಯಾರಿಂದ ಕೊಂಡರು, ಕೊಟ್ಟ ಹೆಣ್ಣುಮಕ್ಕಳು ಈಗ ಎಲ್ಲಿದ್ದಾರೆ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ಹೆಸರುಗಳನ್ನು ಪತ್ರಗಳಲ್ಲಿ ಇರುವ ಅಕ್ಷರದಲ್ಲಿಯೇ ಬರೆಯಲಿ. ಪೆಟ್ಟಿಗೆಯಲ್ಲಿರುವ ಕಾಗದಗಳನ್ನು ಹೊರತೆಗೆದು, ಯಾವುದು ಯಾವ ಕಚೇರಿಯದು ಎಂದು ಬೇರ್ಪಡಿಸಿ, ಇಲ್ಲದಿರುವುದರ ಪಟ್ಟಿ ಮಾಡಲಿ. ಆ ಪಟ್ಟಿಯ ಮೊದಲನೆಯ ಕಾಗದಕ್ಕೆ ಮರುದಿನ ಸೋಮವಾರವೇ ಅರ್ಜಿ ಹಾಕಬಹುದು.